ಚೀಲದ ತೂಕ

ಈ ತಿಂಗಳ ಸಿರಪ್ಪು ಬೇರೆ ಕಂಪನಿಯದು.
ಅದೇ ಗಾತ್ರದ ಬಾಟಲಿ, ಅದೇ ಕಿತ್ತಳೆ ಬಣ್ಣ.
ಚೀಟಿಯ ಮೇಲೆ ಮಾತ್ರ, ಇರುವೆಗಾಲಿನ ಅಕ್ಷರದಲ್ಲಿ,
ಐದು ಎಂಎಲ್‌ಗೆ ನೂರಿಪ್ಪತ್ತೈದು ಇದ್ದದ್ದು
ಇನ್ನೂರೈವತ್ತು ಆಗಿದೆ.
ಕಪಾಟಿನ ಬಾಗಿಲಿಗೆ ಕೆಂಪು ಪೆನ್ನಲ್ಲಿ ಬರೆದು ಅಂಟಿಸಿದೆ:
'ಹೊಸತು. ಹಳೆ ಚಮಚದ ಲೆಕ್ಕ ಬೇಡ.'
ಅಂಟಿಸಿದವಳೇ ಓದಬೇಕು. ಮಾಲ್ದಾರೆಯಲ್ಲಿ
ರಾತ್ರಿ ಪಾಳಿಗೆ ಇರುವುದು ನಾನೊಬ್ಬಳೇ.

ಅವಳು ಬಂದಾಗ ಒಂಬತ್ತೂವರೆ.
ರಸ್ತೆಗೆ ಅಡ್ಡ ಆನೆ ನಿಂತಿತ್ತಂತೆ,
ಅದು ದಾರಿ ಬಿಡುವ ತನಕ ಲೈನ್‌ಮನೆಯ ಹಿಂದೆ
ಉಸಿರು ಕಟ್ಟಿ ಕೂತಿದ್ದಳಂತೆ.
ಹೆಸರು? ಚಾತಿ.
ಮಗುವಿನದು?
'ಇನ್ನೂ ಇಟ್ಟಿಲ್ಲ ಅಕ್ಕ, ಕೊಯ್ಲು ಮುಗೀಲಿ.'
ಹತ್ತು ತಿಂಗಳ ಕುಂಞಿ. ಜ್ವರ ನೂರಮೂರು.

ತಟ್ಟೆಯಲ್ಲಿ ಮಲಗಿಸಿದೆ. ಮುಳ್ಳು ಒದ್ದಾಡಿ ಒದ್ದಾಡಿ
ಒಂಬತ್ತು ದಾಟಿ ಎರಡು ಗೆರೆ ಮುಂದೆ ನಿಂತಿತು.
ಕಿಲೋಗೆ ಹದಿನೈದು ಮಿಲಿಗ್ರಾಂ,
ರಿಜಿಸ್ಟರಿನ ಅಂಚಿನಲ್ಲಿ ಗುಣಿಸತೊಡಗಿದೆ.

ಇಲ್ಲಿ ಯಾವಾಗಲೂ ಸಿಸ್ಟರ್ ಸೆರಾಫಿನಾ
ನನ್ನ ಹೆಗಲ ಹಿಂದೆ ಬಂದು ನಿಲ್ಲುತ್ತಾರೆ.
ಮಡಿಕೇರಿಯ ಆ ಮಂಜು ತುಂಬಿದ ಕ್ಲಾಸಿನಲ್ಲಿ ಹೇಳಿದ್ದು:
ಗ್ರಾಂ, ಮಿಲಿ, ಮೈಕ್ರೋ, ಇಳಿಜಾರಿನ ಗದ್ದೆ ಮಡಿಗಳು ಕಣೇ,
ಒಂದು ಬದು ಇಳಿದರೆ ಮೂರು ಸೊನ್ನೆ ಜತೆಗೆ ಬರುತ್ತವೆ,
ಹತ್ತುವಾಗ ಮೂರನ್ನು ಕೆಳಗೇ ಬಿಡಬೇಕು.
ಬಿಂದುವಿನ ಎಡಕ್ಕೆ ಸೊನ್ನೆ ಇರಲಿ, ಬಲಕ್ಕೆ ಬೇಡ;
ಒಂಟಿ ಬಿಂದುವನ್ನು ನೊಣದ ಹಿಕ್ಕೆ ಅಂದುಕೊಂಡು
ಯಾರೋ ಒರೆಸಿಬಿಡುತ್ತಾರೆ.
ಒಮ್ಮೆ ನಾನು ಅರ್ಧ ಬರೆಯುವಲ್ಲಿ ಐದು ಬರೆದಿದ್ದೆ.
'ನಿನ್ನ ರೋಗಿ ಸತ್ತ' ಎಂದು ಪಕ್ಕದಲ್ಲಿ ಗೀಚಿದ್ದರು.
ಕಾಗದದ ರೋಗಿ.
ಆದರೂ ಅಂದು ರಾತ್ರಿ ಅನ್ನ ಇಳಿಯಲಿಲ್ಲ.

ನೂರಮೂವತ್ತೆಂಟು, ಎಂದು ಬರೆಯುತ್ತಿದ್ದೆ.
'ಅಕ್ಕ, ಚೀಲ ಕಳೆದಿರಾ?'

ಯಾವ ಚೀಲ?
ಅವಳು ಕಂಬಳಿ ತೋರಿಸಿದಳು.
ಇಬ್ಬನಿ ಕುಡಿದು ಭಾರವಾದ ಕಂಬಳಿ,
ಅದರೊಳಗೆ, ಹೌದು, ಸುತ್ತಿಕೊಂಡೇ ಮಲಗಿದ್ದ ಕುಂಞಿ.
'ತೋಟದಲ್ಲಿ ರೈಟರು ಮೂಟೆಗೊಂದು ಕಿಲೋ ಕಳೀತಾನೆ,
ಚೀಲದ ತೂಕ ಅಂತ.
ಬರೀ ಚೀಲ ಅರ್ಧ ಕಿಲೋನೂ ಬರಲ್ಲ.
ನಾ ಕೈಲಿ ಹಿಡಿದು ನೋಡಿದ್ದೀನಲ್ಲ.'
ದೂರಿನ ದನಿಯಲ್ಲ. ಲೆಕ್ಕ ಒಪ್ಪಿಸುವ ದನಿ.

ಕಂಬಳಿ ಬಿಚ್ಚಿದೆ. ಎಂಟು. ಸರಿಯಾಗಿ ಎಂಟು.
ಹಳೆಯ ಅಂಕಿಗೆ ಒಂದೇ ಗೆರೆ ಎಳೆದು ಸಹಿ ಹಾಕಿದೆ,
ತಪ್ಪೂ ಓದಲು ಸಿಗಬೇಕು ಎಂಬುದು ನಿಯಮ.
ಎಂಟು ಹದಿನೈದಲ ನೂರಿಪ್ಪತ್ತು ಮಿಲಿಗ್ರಾಂ.
ಹೊಸ ಬಾಟಲಿಯಲ್ಲಿ ಅದು ಎರಡು ಬಿಂದು ನಾಲ್ಕು ಎಂಎಲ್.

ನೂರಿಪ್ಪತ್ತು ಮಿಲಿಗ್ರಾಂ ಅಂದರೆ
ಹೆಚ್ಚುಕಡಿಮೆ ನನ್ನಜ್ಜನ ಒಂದು ಗುಲಗಂಜಿ.
ವಿರಾಜಪೇಟೆಯ ಜಗಲಿಯಲ್ಲಿ ಪತ್ತಾಕಿಗೆ ಚಿನ್ನ ತೂಗುವಾಗ
ಅಜ್ಜ ಮಾತಾಡುತ್ತಿರಲಿಲ್ಲ,
ಉಸಿರು ತಾಗಿದರೂ ತಟ್ಟೆ ಸುಳ್ಳು ಹೇಳುತ್ತದೆ ಎಂದು.
ಆ ಕೆಂಪು ಬೀಜ ಬಾಯಿಗಿಟ್ಟುಕೊಳ್ಳಲು ಹೋದ ನನಗೆ
ಛಟೀರನೆ ಬಿದ್ದಿತ್ತು: ವಿಷ ಅದು, ತೂಗಲಿಕ್ಕೆ ಮಾತ್ರ.

ಸಿರಿಂಜನ್ನು ಬೆಳಕಿಗೆ ಹಿಡಿದು
ಕಣ್ಣಿನ ಮಟ್ಟಕ್ಕೆ ಗೆರೆ ತಂದೆ.
ಚಾತಿಯೂ ಬಗ್ಗಿ ನೋಡಿದಳು.
ಅಂಕಿ ಓದಲು ಬಾರದವಳು ಗೆರೆ ಎಣಿಸಿ ತಲೆಯಾಡಿಸಿದ ಮೇಲೆ
ಕೆನ್ನೆಯ ಒಳಬದಿಗೆ ಮೆಲ್ಲಗೆ ಬಿಟ್ಟೆ.

ಕುಂಞಿ ಮುಖ ಹಿಂಡಿತು,
ಗಲ್ಲದ ಮೇಲೆ ಒಂದಿಷ್ಟು ಕಿತ್ತಳೆ ಬಣ್ಣ ಉಗುಳಿತು.

ಎಷ್ಟು? ಸೊನ್ನೆ ಬಿಂದು ಮೂರು? ನಾಲ್ಕು?
ಇದಕ್ಕೆ ಸಿಸ್ಟರ್ ಸೂತ್ರ ಕಲಿಸಿರಲಿಲ್ಲ.
ನಾನು ಪೆನ್ನು ಹಿಡಿದು ಯೋಚಿಸುವಷ್ಟರಲ್ಲಿ
ಕಾಫಿ ಕರೆ ಮೆತ್ತಿದ ತೋರುಬೆರಳಿಂದ
ಅವಳು ಅದನ್ನು ಬಳಿದು
ಮತ್ತೆ ಮಗುವಿನ ಬಾಯಿಗೇ ಇಟ್ಟಳು.